ಒಡ್ಡಿನ ಹುಲ್ಲು

ಹೊಲದ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಒಡ್ಡಿನ ಮೇಲೆ ಹುಲ್ಲು ಬೆಳೆಸುವವರಿಗೆ ಸರ್ಕಾರ ಅನುದಾನ ಕೊಡಬೇಕೆಂದು ನೀಲವ್ವ ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ್ದಳು. ಕೊನೆಗೂ ಸಾಹೇಬರು ಅವಳ ಹೊಲ ನೋಡಲು ಒಪ್ಪಿದರು. ಅವರ ಜೀಪಿನಲ್ಲೇ ಕೂತು ಬರುವಾಗ ಅವಳಿಗೆ ಹಿಗ್ಗೋ ಹಿಗ್ಗು.

"ಹುಲ್ಲು ಮಣ್ಣು ಹಿಡೀತದ ಅಂತ ಬಾಯಿಲೆ ಹೇಳಿದ್ರ ಆಗೂದಿಲ್ಲವ್ವ. ನಾ ಕಣ್ಣಾರೆ ಕಂಡ್ರಷ್ಟ ಊರಿಗೆಲ್ಲಾ ಮಂಜೂರು."

"ಬರ್ರಿ ಸಾಹೇಬ್ರ, ಆಳೆತ್ತರ ಬೆಳದದ. ಒಳಗ ಹೊಕ್ಕರ ನಿಮ್ಮನ್ನ ಹುಡುಕಬೇಕಾಗ್ತದ!"

ಸಾಹೇಬರು ಜೋರಾಗಿ ನಕ್ಕರು.

ಜೀಪು ಹೊಲದ ಅಂಚಿಗೆ ನಿಲ್ಲುತ್ತಲೇ ಊರ ಹಿರಿಯರು ಹಾರ ಹಿಡಿದು ಓಡಿಬಂದರು. ಎಲ್ಲರ ಮುಖದಲ್ಲೂ ಬೆವರು, ಸಂಭ್ರಮ.

"ದೊಡ್ಡವರು ಬರ್ತಾರಂತ ಮಂದಿಯೆಲ್ಲಾ ಕೂಡಿ, ಒಡ್ಡಿನ ಮ್ಯಾಲಿನ ಕಸಾ ಬೇರುಸಹಿತ ಕಿತ್ತು, ಸುಣ್ಣಾ ಹೊಡದೀವ್ರಿ ಸಾಹೇಬ್ರ!"