ರಸ್ತೆ ದಾಟಿಸುವ ಆ್ಯಪ್

ಮನುಷ್ಯ ಮತ್ತು ಕಂಪ್ಯೂಟರಿನ ಒಡನಾಟ ಕುರಿತ ವಿಚಾರ ಸಂಕಿರಣದಲ್ಲಿ, ಅಂಧರಿಗೆ ರಸ್ತೆ ದಾಟಲು ನೆರವಾಗುವ ಆ್ಯಪಿಗೆ ಪ್ರಶಸ್ತಿ ಬಂತು. ಮುಂದಿನ ತಿಂಗಳಿನಿಂದ ನಗರದ ಸಿಗ್ನಲ್‌ಗಳಲ್ಲಿ ಅಂಧರಿಗೆ ದಾಟುವ ಸಮಯ ತಿಳಿಸುವ ಬೀಪ್ ಸದ್ದು ಇರುವುದಿಲ್ಲ, ಈ ಆ್ಯಪ್ ಒಂದೇ ಸಾಕು ಎಂದು ಅದನ್ನು ರೂಪಿಸಿದ ಪ್ರಾಧ್ಯಾಪಕರು ಹೆಮ್ಮೆಯಿಂದ ಘೋಷಿಸಿದರು.

ಸಭೆಯಲ್ಲಿದ್ದ ಅಂಧ ಬ್ಯಾಂಕ್ ನೌಕರರೊಬ್ಬರು ಎದ್ದು ನಿಂತರು.

"ಸಾರ್, ನಿನ್ನೆ ಇದನ್ನ ನಂಬ್ಕೊಂಡು ದಾಟೋವಾಗ ಆಟೋ ಗುದ್ದಿತು. ದಯವಿಟ್ಟು ಬೀಪ್ ನಿಲ್ಲಿಸ್ಬೇಡಿ. ಅಂಧರು ಯಾರಾದ್ರೂ ಇದನ್ನ ಬಳಸಿ ನೋಡಿದ್ರಾ?"

"ಅದರ ಅಗತ್ಯ ಬೀಳಲಿಲ್ಲ. ನಮ್ಮ ಎಂ.ಟೆಕ್ ಹುಡುಗರೇ ಕಣ್ಣಿಗೆ ಬಟ್ಟೆ ಕಟ್ಕೊಂಡು ಲ್ಯಾಬಿನಲ್ಲಿ ದಾಟಿದ್ರು. ಒಬ್ಬರೂ ಎಡವಲಿಲ್ಲ."

"ಹಾಗಾದ್ರೆ ತಪ್ಪು ನಂದಾ ಸಾರ್?"

ಪ್ರಾಧ್ಯಾಪಕರ ದನಿ ಮೆದುವಾಯಿತು.

"ಬೇಜಾರು ಮಾಡ್ಕೋಬೇಡಿ. ಒಂದು ವಾರ ಲ್ಯಾಬಿಗೆ ಬನ್ನಿ. ಕಣ್ಣಿಲ್ಲದೋರು ಹೇಗೆ ನಡೀಬೇಕು ಅಂತ ಹುಡುಗರು ಹೇಳ್ಕೊಡ್ತಾರೆ."