ಇಪ್ಪತ್ತಾರರ ಇನ್ನಾಸಪ್ಪ

ನೀರಿನ ಟ್ಯಾಂಕರ್ ಓಡಿಸುವ ಇನ್ನಾಸಪ್ಪನಿಗೆ ಮೂವತ್ತೆಂಟು ವರ್ಷ. ಭಾನುವಾರ ಬಂತೆಂದರೆ ಬಡಾವಣೆಯ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದ. ಆ ತಂಡದಲ್ಲಿ ಯಾರಿಗೂ ಮೂವತ್ತು ತುಂಬುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಅವನೂ ಹನ್ನೆರಡು ವರ್ಷ ಇಳಿಸಿ ಜನನ ಪತ್ರ ಮಾಡಿಸಿಟ್ಟುಕೊಂಡಿದ್ದ.

ಅಂಥವನನ್ನು ಒಂದು ದಿನ ದೊಡ್ಡ ವೃತ್ತಿಪರ ಕ್ಲಬ್ಬೊಂದು ಆಯ್ಕೆಗೆ ಕರೆಯಿತು. ತಲೆಗೆ ಕಪ್ಪು ಬಳಿದುಕೊಂಡು ಹೋದವನು ಹುಡುಗರನ್ನೆಲ್ಲ ಓಡಾಡಿಸಿ ಮೂರು ಗೋಲು ಹೊಡೆದ.

ಜನನ ಪತ್ರ ನೋಡಿದ ಮ್ಯಾನೇಜರ್ ಮುಖ ಗಂಟಿಕ್ಕಿದ. "ಬರೀ ಇಪ್ಪತ್ತಾರೇನಯ್ಯಾ?"

"ಹೌದು ಸಾರ್. ಇನ್ನೂ ಹತ್ತು ವರ್ಷ ಆಡ್ತೀನಿ."

"ಅದೇ ತೊಂದರೆ. ಈಗ ನಮ್ಮ ಪ್ರಾಯೋಜಕರು ಮಂಡಿನೋವಿನ ಎಣ್ಣೆ ಕಂಪನಿಯೋರು. ಮೂವತ್ತೈದು ದಾಟಿದ ಆಟಗಾರ ಒಬ್ಬ ಬೇಕೇ ಬೇಕು ಅಂದಿದ್ದಾರೆ."

ಇನ್ನಾಸಪ್ಪ ಕೈ ಮುಗಿದ. "ಸಾರ್, ಆ ಪತ್ರ ಸುಳ್ಳು. ನಂಗೆ ಮೂವತ್ತೆಂಟು. ಮಗಳು ಪಿಯುಸಿ ಓದ್ತಿದ್ದಾಳೆ. ಬೇಕಾದ್ರೆ ಈ ಮಂಡಿ ಮುಟ್ಟಿ ನೋಡಿ, ಕಟಕಟ ಅನ್ನತ್ತೆ."

"ತಂಡಕ್ಕೆ ಸೇರಬೇಕು ಅಂದ್ರೆ ಜನ ಏನು ಬೇಕಾದ್ರೂ ಹೇಳ್ತಾರೆ ಬಿಡಯ್ಯಾ. ನಮಗೆ ದಾಖಲೆ ಮುಖ್ಯ. ಒಬ್ಬರನ್ನ ಆಗಲೇ ತಗೊಂಡಾಯ್ತು. ಪತ್ರದಲ್ಲಿ ಪಕ್ಕಾ ನಲವತ್ತು."

ಹೊರಗೆ ಎಣ್ಣೆ ಸೀಸೆ ಹಿಡಿದು ಫೋಟೋಕ್ಕೆ ನಿಂತಿದ್ದ ಆ ನಲವತ್ತರವನು ಇನ್ನಾಸಪ್ಪನ ಹೆಂಡತಿಯ ತಮ್ಮ. ಭಾವನನ್ನು ಕಂಡದ್ದೇ ತಡ, ಹೋದ ವಾರವಷ್ಟೇ ಇಪ್ಪತ್ತೈದು ತುಂಬಿದ್ದ ಮಂಡಿಯನ್ನು ಹಿಡಿದುಕೊಂಡು ಕುಂಟತೊಡಗಿದ.