ಚಂದ್ರನ ಮೇಲಿನ ಹತ್ತಿ

ಅಶ್ವಿನಿಯ ಫೋನು ಮುಟ್ಟುವ ಮೊದಲು ಮಹಾಂತಮ್ಮ ಚಪ್ಪಲಿ ಬಿಟ್ಟಳು, ಬಿತ್ತಿದ ಹೊಲಕ್ಕೆ ಕಾಲಿಡುವಾಗ ಬಿಡುವ ಹಾಗೆ. ಪರದೆಯ ಮೇಲೆ, ಡಬ್ಬಿಯೊಂದರ ಮಣ್ಣಿನಲ್ಲಿ, ಹಸಿರು ಮೊಳಕೆಯೊಂದು ಕತ್ತೆತ್ತಿತ್ತು.

"ಇದು ಹತ್ತೀನ ಐತಿ. ಚಂದ್ರನ ಮ್ಯಾಲೆ ಮೊಳೀತೇನ್ರಿ?"

"ಹೌದ್ರಿ ಅಮ್ಮ, ಚೀನಾದವರು ಕಳಿಸಿದ್ರು," ಎಂದಳು ಅಶ್ವಿನಿ. ಮನುಷ್ಯರು ಚಂದ್ರನಲ್ಲಿ ಊರು ಕಟ್ಟಬೇಕೆಂದು ಆದವಾನಿ ಪಟ್ಟಣದ ತುಂಬ ಸಹಿ ಕೇಳುತ್ತಿದ್ದ ಟೀಚರು ಅವಳು. ಊಟದ ಹೊತ್ತಿಗೆ, ಹತ್ತಿಯಿಂದ ಕಾಳು ಬೇರ್ಪಡಿಸುವ ಈ ಜಿನ್ನಿಂಗ್ ಮಿಲ್ಲಿಗೂ ಬಂದಿದ್ದಳು. "ಮಳಿ ಇಲ್ಲ, ಗಾಳಿ ಇಲ್ಲ, ಅಲ್ಲೇನು ಕೆಲಸ?" ಎಂದು ಅಲ್ಲಿ ದುಡಿಯುವ ಹೆಂಗಸರಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ಮಹಾಂತಮ್ಮನೇ.

ಈಗ ಅವಳು ಫೋನು ಬಿಡಲಿಲ್ಲ. "ಎಷ್ಟು ದಿನ ಬದುಕಿತ್ರಿ?"

"ಅಲ್ಲಿ ರಾತ್ರಿ ಆದ ಕೂಡ್ಲೆ ಚಳಿಗೆ ಸತ್ತುಹೋತು."

"ಆಗ ಹಂತ್ಯಾಕ ಯಾರಿದ್ರು?"

"ಹತ್ರ ಯಾರೂ ಇರ್ಲಿಲ್ರಿ. ಬರೀ ಮಿಷನ್."

ಮಹಾಂತಮ್ಮ ತಲೆ ಎತ್ತಿದಳು. ಮಿಲ್ಲಿನ ತಗಡಿನಾಚೆ ಹಗಲು ಚಂದ್ರ, ಸೀರೆಗೆ ಅಂಟಿದ ಹತ್ತಿಯೆಳೆಯಷ್ಟು ತೆಳ್ಳಗೆ ನಿಂತಿದ್ದ. ದಿನಾ ಕಂಡವನನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಆಮೇಲೆ ನೆಲದಿಂದ ಎರಡು ಹತ್ತಿಕಾಳು ಆರಿಸಿ ಅಶ್ವಿನಿಯ ಅಂಗೈಯಲ್ಲಿಟ್ಟಳು.

"ಒಂಟಿ ಬೀಜ ನಾವು ಊರಂಗಿಲ್ರಿ ಟೀಚರಮ್ಮ, ಕುಣಿಗೆ ಎರಡು ಹಾಕ್ತೀವಿ. ಕಳಿಸಾವ್ರಿಗೆ ಹೇಳ್ರಿ. ಮುಂದಿನ ಸಲ ಬೀಜದ ಸಂಗಡ ಮನುಷ್ಯಾರನ್ನೂ ಕಳಸ್ರಿ ಅಂತ."